ಅನ್ನದಿಂದ ಆನಂದದವರೆಗೆ

ದಿನ ಬೆಳಗಾದರೆ ಮನುಷ್ಯನ ಬಾಯಿಂದ ಅತಿ ಹೆಚ್ಚು ಸಲ ಹೊರಡುವ ಮಾತು 'ನಾನು' ಎಂಬುದು. ಆದರೆ ಆ ಒಂದು ಮಾತು ಎಲ್ಲ ಸಲವೂ ಒಂದೇ ವಸ್ತುವನ್ನು ಹೇಳುವುದಿಲ್ಲ. ಕನ್ನಡಿಯ ಮುಂದೆ ನಿಂತು 'ನಾನು ಈಚೆಗೆ ಸೊರಗಿದ್ದೇನೆ' ಎನ್ನುವಾಗ ಆ 'ನಾನು' ಎಂದರೆ ಮೂಳೆಮಾಂಸಗಳ ದೇಹ. ಮಹಡಿಯ ಮೆಟ್ಟಿಲು ಹತ್ತಿ ಬಂದು 'ನನಗೆ ಸಾಕಾಯಿತು' ಎಂದು ಏದುಸಿರು ಬಿಡುವಾಗ ಅದು ಉಸಿರು. ದೂರದೂರಿನ ಮಗನಿಂದ ಸುದ್ದಿ ಬಾರದೆ 'ನನಗೆ ಸಮಾಧಾನವಿಲ್ಲ' ಎನ್ನುವಾಗ ಅದು ಮನಸ್ಸು. 'ನಾನು ಹಿಂದುಮುಂದು ನೋಡಿಯೇ ಈ ಸಂಬಂಧಕ್ಕೆ ಒಪ್ಪಿದೆ' ಎನ್ನುವಾಗ ಅದು ಬುದ್ಧಿ. ಬೆಳಗ್ಗೆ ಎದ್ದು 'ರಾತ್ರಿ ನಾನು ಸುಖವಾಗಿ ಮಲಗಿದ್ದೆ, ಏನೊಂದೂ ತಿಳಿಯಲಿಲ್ಲ' ಎನ್ನುವಾಗ, ದೇಹದ ಅರಿವೂ ಮನಸ್ಸಿನ ಕಳವಳವೂ ಬುದ್ಧಿಯ ಲೆಕ್ಕಾಚಾರವೂ ಇಲ್ಲದಿದ್ದ ಆ ಹೊತ್ತಿನಲ್ಲಿ ಸುಖಪಟ್ಟವನು ಯಾರು?

ಈ ಐದು 'ನಾನು'ಗಳಲ್ಲಿ ನಿಜವಾದದ್ದು ಯಾವುದೆಂಬ ಪ್ರಶ್ನೆಯನ್ನು ಕ್ರಮವಾಗಿ ಕೈಗೆತ್ತಿಕೊಂಡದ್ದು ತೈತ್ತಿರೀಯೋಪನಿಷತ್ತು. ಕೃಷ್ಣಯಜುರ್ವೇದಕ್ಕೆ ಸೇರಿದ ತೈತ್ತಿರೀಯ ಆರಣ್ಯಕದ 7, 8 ಮತ್ತು 9ನೆಯ ಪ್ರಪಾಠಕಗಳೇ ಈ ಉಪನಿಷತ್ತು. ಶೀಕ್ಷಾವಲ್ಲಿ, ಬ್ರಹ್ಮಾನಂದವಲ್ಲಿ, ಭೃಗುವಲ್ಲಿ ಎಂದು ಇದಕ್ಕೆ ಮೂರು ಭಾಗಗಳು. ನಡುವಣ ಭಾಗದಲ್ಲಿ ಐದು ಪದರಗಳ ವರ್ಣನೆ ಇದೆ. ಕೊನೆಯ ಭಾಗದಲ್ಲಿ ಒಬ್ಬ ಮಗ ಅವುಗಳನ್ನು ಒಂದೊಂದಾಗಿ ತಾನೇ ಕಂಡುಕೊಂಡ ಕಥೆ ಇದೆ. ಕಥೆಯನ್ನು ಮೊದಲು ನೋಡುವುದು ಲೇಸು.

ಭೃಗು ವರುಣನ ಮಗ. ಅವನು ತಂದೆಯ ಬಳಿಗೆ ಬಂದು, ಬ್ರಹ್ಮವನ್ನು ತನಗೆ ತಿಳಿಸಿಕೊಡಬೇಕೆಂದು ಬೇಡುತ್ತಾನೆ. ವರುಣನು ಸಿದ್ಧವಾದ ಉತ್ತರವನ್ನು ಕೈಯಲ್ಲಿಡುವುದಿಲ್ಲ. ಅನ್ನ, ಪ್ರಾಣ, ಕಣ್ಣು, ಕಿವಿ, ಮನಸ್ಸು, ಮಾತು ಎಂದು ಕೆಲವು ಬಾಗಿಲುಗಳನ್ನು ತೋರಿಸಿ, ಜೀವಿಗಳ ಹುಟ್ಟಿಗೂ ಬಾಳಿಗೂ ಮುಗಿವಿಗೂ ನೆಲೆಯಾದ ವಸ್ತು ಯಾವುದೆಂಬುದನ್ನು ತಪಸ್ಸಿನಿಂದ ತಿಳಿದುಕೊಳ್ಳುವಂತೆ ಹೇಳಿ ಕಳುಹಿಸುತ್ತಾನೆ. ಇಲ್ಲಿ ತಪಸ್ಸೆಂದರೆ ಒಂಟಿಕಾಲಿನಲ್ಲಿ ನಿಂತು ದೇಹವನ್ನು ದಂಡಿಸುವುದಲ್ಲ. ಹೊರಗಿನ ಇಂದ್ರಿಯಗಳನ್ನೂ ಒಳಗಿನ ಮನಸ್ಸನ್ನೂ ಒಂದೆಡೆ ನಿಲ್ಲಿಸುವುದೆಂದು ಶಂಕರಾಚಾರ್ಯರು ಭಾಷ್ಯದಲ್ಲಿ ಅರ್ಥ ಹೇಳಿದ್ದಾರೆ.

ಭೃಗು ಆಲೋಚಿಸಿದ. ಅನ್ನವೇ ಬ್ರಹ್ಮವೆಂದು ಅವನಿಗೆ ತೋರಿತು. ಈ ಉತ್ತರ ಹುಡುಗಾಟದ್ದಲ್ಲ. ತಂದೆ ಕೊಟ್ಟ ಲಕ್ಷಣಕ್ಕೆ ಅದು ಸರಿಯಾಗಿಯೇ ಹೊಂದುತ್ತದೆ. ತಾಯಿತಂದೆಗಳು ಉಂಡ ಅನ್ನದಿಂದ ಶರೀರ ಹುಟ್ಟುತ್ತದೆ, ಅನ್ನದಿಂದ ಬೆಳೆಯುತ್ತದೆ, ಕಡೆಗೆ ಅನ್ನ ಬೆಳೆಯುವ ಮಣ್ಣನ್ನೇ ಸೇರುತ್ತದೆ. ಆದರೂ ಭೃಗುವಿಗೆ ತೃಪ್ತಿಯಾಗಲಿಲ್ಲ. ಮತ್ತೆ ತಂದೆಯ ಬಳಿಗೆ ಹೋದ. ತಂದೆ 'ತಪ್ಪು' ಎನ್ನಲಿಲ್ಲ, 'ಸರಿ' ಎಂದೂ ಅನ್ನಲಿಲ್ಲ. ಮತ್ತೆ ತಪಸ್ಸಿಗೇ ಕಳುಹಿಸಿದ. ಎರಡನೆಯ ಸಲ ಪ್ರಾಣವೆಂದು ತೋರಿತು. ಮೂರನೆಯ ಸಲ ಮನಸ್ಸೆಂದು. ನಾಲ್ಕನೆಯ ಸಲ ವಿಜ್ಞಾನವೆಂದು. ಪ್ರತಿಸಲವೂ ತಂದೆಯ ಮನೆ, ಪ್ರತಿಸಲವೂ ಅದೇ ಮಾತು. ಐದನೆಯ ಸಲ ಆನಂದವೆಂದು ತಿಳಿಯಿತು. ಆಮೇಲೆ ಅವನು ಕೇಳುವುದಕ್ಕೆ ಹೋಗಲಿಲ್ಲ.

ಮಕ್ಕಳಿಗೆ ಪಾಠ ಹೇಳಿಕೊಡುವ ತಾಯಿತಂದೆಗಳು ವರುಣನ ಈ ರೀತಿಯನ್ನು ಗಮನಿಸಬೇಕು. ಅರ್ಧ ಉತ್ತರವನ್ನು ತಂದ ಮಗನನ್ನು ಅವನು ಗದರಲಿಲ್ಲ. ಇಡೀ ಉತ್ತರವನ್ನು ತಾನೇ ಹೇಳಿ ಅವನ ದಾರಿಯನ್ನು ಮೊಟಕುಗೊಳಿಸಲೂ ಇಲ್ಲ. ಅನ್ನವೆಂಬ ಮೊದಲ ಮೆಟ್ಟಿಲನ್ನು ಹತ್ತದೆ ಆನಂದವೆಂಬ ಐದನೆಯದನ್ನು ಯಾರೂ ಮುಟ್ಟಲಾರರೆಂಬುದು ಅವನಿಗೆ ಗೊತ್ತಿತ್ತು.

ಇನ್ನು ಪದರಗಳ ವರ್ಣನೆ. ಬ್ರಹ್ಮಾನಂದವಲ್ಲಿಯು ಒಂದೊಂದು ಪದರವನ್ನೂ ಒಂದೊಂದು ಹಕ್ಕಿಯಂತೆ ಚಿತ್ರಿಸುತ್ತದೆ. ಪ್ರತಿಯೊಂದಕ್ಕೂ ತಲೆ, ಬಲದ ರೆಕ್ಕೆ, ಎಡದ ರೆಕ್ಕೆ, ಮೈ, ಮತ್ತು ಊರಿ ನಿಲ್ಲಲು ಆಧಾರವಾದ ಬಾಲ. ಮೊದಲನೆಯದು ಅನ್ನಮಯ, ಕಣ್ಣಿಗೆ ಕಾಣುವ ಈ ಶರೀರ. ಅದರ ಒಳಗೆ ಪ್ರಾಣಮಯ. ಇದಕ್ಕೆ ಪ್ರಾಣವೇ ತಲೆ. ವ್ಯಾನ ಅಪಾನಗಳು ರೆಕ್ಕೆಗಳು. ಅದರ ಒಳಗೆ ಮನೋಮಯ. ಇದರ ತಲೆ ರೆಕ್ಕೆಗಳು ವೇದಮಂತ್ರಗಳೇ. ಏಕೆಂದರೆ ಮನಸ್ಸು ನಿಂತಿರುವುದು ಮಾತಿನ ಮೇಲೆ, ಕೇಳಿ ನೆನಪಿಟ್ಟುಕೊಂಡದ್ದರ ಮೇಲೆ. ಅದಕ್ಕೂ ಒಳಗೆ ವಿಜ್ಞಾನಮಯ, ಅಂದರೆ ನಿಶ್ಚಯಿಸುವ ಬುದ್ಧಿ. ಇದರ ತಲೆ ಯಾವುದೆಂದು ಕೇಳಿದರೆ ಚಾತುರ್ಯವೆಂದೋ ತರ್ಕವೆಂದೋ ಉತ್ತರ ಬರಬಹುದೆಂದು ತೋರುತ್ತದೆ. ಉಪನಿಷತ್ತು ಹೇಳುವುದು ಶ್ರದ್ಧೆಯನ್ನು. ಋತವೂ ಸತ್ಯವೂ ಅದರ ಎರಡು ರೆಕ್ಕೆಗಳು, ಯೋಗವೇ ಮೈ. ಸತ್ಯವಿಲ್ಲದ ಬುದ್ಧಿ ಒಂದು ರೆಕ್ಕೆ ಮುರಿದ ಹಕ್ಕಿಯೆಂದಾಯಿತು. ಅತ್ಯಂತ ಒಳಗೆ ಆನಂದಮಯ. ಪ್ರಿಯವೇ ಅದರ ತಲೆ, ಮೋದ ಪ್ರಮೋದಗಳು ರೆಕ್ಕೆಗಳು, ಆನಂದವೇ ಮೈ, ಬ್ರಹ್ಮವೇ ಅದು ಊರಿ ನಿಂತ ಬಾಲ.

ಈ ಆನಂದವನ್ನು ಅಳೆಯುವುದಕ್ಕೂ ಉಪನಿಷತ್ತು ಹಿಂಜರಿಯುವುದಿಲ್ಲ. ಅದು ಹಿಡಿದ ಅಳತೆಗೋಲು ಯಾವುದು? ಕಾಡಿನ ವಿರಕ್ತನಲ್ಲ. ಒಳ್ಳೆಯ ನಡತೆಯ, ಓದಿಬಲ್ಲ, ದೃಢಕಾಯನಾದ ಒಬ್ಬ ತರುಣ. ಸಂಪತ್ತು ತುಂಬಿದ ಭೂಮಿಯೆಲ್ಲ ಅವನದು. ಅವನ ಸುಖ ಒಂದು ಎಂದಿಟ್ಟುಕೊಂಡು, ಹತ್ತು ಸಲ ನೂರುನೂರರಿಂದ ಗುಣಿಸುತ್ತ ಗಂಧರ್ವ, ಪಿತೃ, ದೇವತೆ, ಇಂದ್ರ, ಬೃಹಸ್ಪತಿ, ಪ್ರಜಾಪತಿಗಳನ್ನು ದಾಟಿ ಬ್ರಹ್ಮಾನಂದದವರೆಗೆ ಲೆಕ್ಕ ಏರುತ್ತದೆ. ಗಂಧರ್ವರಿಂದ ಮೊದಲ್ಗೊಂಡು ಒಂದೊಂದು ಮೆಟ್ಟಿಲಿನಲ್ಲಿಯೂ, ಆಸೆಯ ಪೆಟ್ಟಿಗೆ ಸಿಕ್ಕದ ಶ್ರೋತ್ರಿಯನಿಗೂ ಅಷ್ಟೇ ಸುಖವುಂಟೆಂದು ಅದು ಸೇರಿಸುತ್ತದೆ. ಲೋಕದ ಸುಖ ಸುಳ್ಳೆಂದು ಅದು ತಳ್ಳಿಹಾಕಲಿಲ್ಲ. ಅದನ್ನೇ ಮೊದಲ ಅಂಕಿಯನ್ನಾಗಿ ಬರೆದುಕೊಂಡಿತು.

'ಪಂಚಕೋಶ' ಎಂಬ ಮಾತು ಇಂದು ಮನೆಮಾತಾಗಿದೆ. ಆದರೆ ಬ್ರಹ್ಮಾನಂದವಲ್ಲಿಯಲ್ಲಿ ಈ ಐದಕ್ಕೆ ಕೋಶವೆಂಬ ಹೆಸರಿಲ್ಲ; ಒಂದೊಂದನ್ನೂ 'ಆತ್ಮ'ವೆಂದೇ ಅದು ಕರೆಯುತ್ತದೆ. ಹೊರಗಿನದು ಒಂದು ಆತ್ಮ, ಅದರೊಳಗೆ ಇನ್ನೊಂದು ಆತ್ಮ, ಒಳಗಿನದರಿಂದ ಹೊರಗಿನದು ತುಂಬಿಕೊಂಡಿದೆ. ಇದು ಅಲ್ಲಿಯ ಕ್ರಮ. ಕೋಶವೆಂಬ ಹೆಸರು ಬಳಕೆಗೆ ಬಂದದ್ದು ಭಾಷ್ಯಕಾರರಿಂದ. ಕತ್ತಿಗೆ ಒರೆಯಿದ್ದಂತೆ ಆತ್ಮಕ್ಕೆ ಇವು ಹೊದಿಕೆಗಳೆಂಬುದು ಆ ಹೆಸರಿನ ಭಾವ. ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ, 14ನೆಯ ಶತಮಾನದ 'ಪಂಚದಶೀ' ಗ್ರಂಥದ 15 ಪ್ರಕರಣಗಳಲ್ಲಿ ಮೂರನೆಯದರ ಹೆಸರೇ ಪಂಚಕೋಶವಿವೇಕ. ಇದೇ ಐದನ್ನು ಮೂರು ಶರೀರಗಳಾಗಿ ಹೊಂದಿಸಿ ಹೇಳುವ ರೂಢಿಯೂ ವೇದಾಂತದಲ್ಲಿದೆ: ಅನ್ನಮಯವು ಸ್ಥೂಲಶರೀರ, ಪ್ರಾಣ, ಮನಸ್ಸು, ವಿಜ್ಞಾನಗಳು ಕೂಡಿ ಸೂಕ್ಷ್ಮಶರೀರ, ಆನಂದಮಯವು ಕಾರಣಶರೀರ.

ಶಂಕರಾಚಾರ್ಯರು ಈ ವಿವೇಚನೆಗೆ ಒಂದು ಕಾಳನ್ನು ಹೋಲಿಕೆಯಾಗಿ ತಂದಿದ್ದಾರೆ. ಅದು ಕೋದ್ರವ, ಕನ್ನಡದ ಹಾರಕ. ಇಂದು ಪೇಟೆಯಲ್ಲಿ ಸಿರಿಧಾನ್ಯಗಳ ಸಾಲಿನಲ್ಲಿ ಮಾರಾಟಕ್ಕಿರುವ ಅದೇ ಹಾರಕ. ಅದಕ್ಕೆ ಒಂದರ ಮೇಲೊಂದರಂತೆ ಹಲವು ಸಿಪ್ಪೆ. ಆ ಹೊಟ್ಟನ್ನೆಲ್ಲ ಕಳೆದರೆ ಅಕ್ಕಿ ಸಿಕ್ಕುವಂತೆ, ಐದು ಕೋಶಗಳನ್ನು ವಿವೇಕದಿಂದ ಬಿಡಿಸಿದರೆ ಒಳಗಿನ ಆತ್ಮವಸ್ತು ತಿಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಈ ಹೋಲಿಕೆಯನ್ನು ಕಣದಲ್ಲಿಯೂ ಕಣಜದಲ್ಲಿಯೂ ಇಟ್ಟು ನೋಡಬಹುದು. ಅಡಿಗೆಗೆ ಬೇಕಾದದ್ದು ಒಳಗಿನ ಅಕ್ಕಿಯೆಂದು ರೈತ ಬಲ್ಲ. ಆದರೂ ಸಿಪ್ಪೆ ತೆಗೆದ ಅಕ್ಕಿಯನ್ನು ಅವನು ಬಿತ್ತುವುದಿಲ್ಲ, ಬಹುಕಾಲ ಕೂಡಿಡುವುದೂ ಇಲ್ಲ. ಕಾಳನ್ನು ಬಿಸಿಲು ಹುಳುಗಳಿಂದ ಕಾದು ಮೊಳಕೆಗೆ ಮುಟ್ಟಿಸುವುದು ಆ ಹೊಟ್ಟೇ. ಹೊಟ್ಟು ಅಕ್ಕಿಯಲ್ಲವೆಂದು ತಿಳಿಯುವುದು ವಿವೇಕ. ಹೊಟ್ಟನ್ನು ಹಗೆಯೆಂದು ತಿಳಿಯುವುದು ಅವಿವೇಕ.

ಪದರಗಳ ವಿಷಯದಲ್ಲಿ ಮನುಷ್ಯ ಮಾಡುವ ತಪ್ಪು ಎರಡು ಬಗೆಯದು. ಸಿಕ್ಕಿದ ಪದರದಲ್ಲೇ ನಿಂತುಬಿಡುವುದು ಒಂದು. ದಾಟಬೇಕಾದ ಪದರವನ್ನು ತುಚ್ಛವಾಗಿ ಕಾಣುವುದು ಇನ್ನೊಂದು.

ಮೊದಲನೆಯ ತಪ್ಪಿಗೆ ಛಾಂದೋಗ್ಯೋಪನಿಷತ್ತಿನ ವಿರೋಚನನೇ ನಿದರ್ಶನ. ಆತ್ಮವನ್ನು ತಿಳಿಯಬೇಕೆಂದು ದೇವತೆಗಳ ಕಡೆಯಿಂದ ಇಂದ್ರನೂ ಅಸುರರ ಕಡೆಯಿಂದ ವಿರೋಚನನೂ ಪ್ರಜಾಪತಿಯ ಬಳಿಗೆ ಬಂದು 32 ವರ್ಷ ಬ್ರಹ್ಮಚರ್ಯದಲ್ಲಿದ್ದರು. ನೀರು ತುಂಬಿದ ಪಾತ್ರೆಯಲ್ಲಿ ತಮ್ಮನ್ನು ನೋಡಿಕೊಳ್ಳುವಂತೆ ಪ್ರಜಾಪತಿ ಹೇಳಿದ. ಒಳ್ಳೆಯ ಉಡಿಗೆ ತೊಡಿಗೆಗಳಿಂದ ಅಲಂಕೃತವಾದ ಶರೀರ ಅಲ್ಲಿ ಕಂಡಿತು. ವಿರೋಚನನಿಗೆ ಅಷ್ಟೇ ಸಾಕಾಯಿತು. ದೇಹವೇ ಆತ್ಮವೆಂದು ಸಂತೋಷದಿಂದ ಹೊರಟುಹೋದ. ಇಂದ್ರನಾದರೋ ಅರ್ಧದಾರಿಯಲ್ಲಿ ನಿಂತ. ಶರೀರ ಕುರುಡಾದರೆ ಆತ್ಮವೂ ಕುರುಡಾಗಬೇಕಲ್ಲವೆ, ಶರೀರ ಅಳಿದರೆ ಅದೂ ಅಳಿಯಬೇಕಲ್ಲವೆ ಎಂಬ ಸಂದೇಹ ಹುಟ್ಟಿ ಹಿಂದಿರುಗಿದ. ಹಾಗೆ ಮತ್ತೆ ಮತ್ತೆ ಹಿಂದಿರುಗಿ, ಸ್ವಪ್ನದ ಆತ್ಮವನ್ನೂ ಸುಷುಪ್ತಿಯ ಆತ್ಮವನ್ನೂ ಪರೀಕ್ಷಿಸಿ, ಒಟ್ಟು 101 ವರ್ಷ ಕಳೆದ ಮೇಲೆ ತಿಳಿದುಕೊಂಡ. ವಿರೋಚನನು ಕಂಡದ್ದು ಸುಳ್ಳಲ್ಲ. ಅಲ್ಲಿಗೇ ನಿಂತದ್ದು ತಪ್ಪು.

ಎರಡನೆಯ ತಪ್ಪು ಓದಿದವರಲ್ಲಿ ಹೆಚ್ಚು. ನಾಲ್ಕು ವೇದಾಂತದ ಮಾತು ಕಿವಿಗೆ ಬಿದ್ದೊಡನೆ 'ದೇಹ ಮಿಥ್ಯೆ, ಊಟ ಬರಿಯ ಹೊಟ್ಟೆಪಾಡು, ಅಡಿಗೆಮನೆ ಮಾಯೆ' ಎಂದು ಮೂಗು ಮುರಿಯುವವರುಂಟು. ಸಾಮಾನ್ಯವಾಗಿ ಇಂಥವರಿಗೆ ಹೊತ್ತುಹೊತ್ತಿಗೆ ಎಲೆ ಹಾಕಿ ಬಡಿಸುವವರು ಬೇರೆ ಯಾರಾದರೂ ಮನೆಯಲ್ಲಿ ಇದ್ದೇ ಇರುತ್ತಾರೆ. ಈ ಗರ್ವವನ್ನು ಇಳಿಸುವ ಕಥೆಯೂ ಛಾಂದೋಗ್ಯದಲ್ಲಿಯೇ ಇದೆ. ಉದ್ದಾಲಕ ಆರುಣಿಯ ಮಗ ಶ್ವೇತಕೇತು 12 ವರ್ಷ ಗುರುಕುಲದಲ್ಲಿದ್ದು, ವೇದಗಳನ್ನೆಲ್ಲ ಓದಿ, ತಾನೇ ಪಂಡಿತನೆಂಬ ಬಿಂಕದಿಂದ ಮನೆಗೆ ಬಂದಿದ್ದ. ಮನಸ್ಸು ಅನ್ನದಿಂದಾದದ್ದೆಂದು ತಂದೆ ಅವನಿಗೆ ತೋರಿಸಿಕೊಟ್ಟ ರೀತಿ ಸರಳವಾದದ್ದು. 15 ದಿನ ಊಟ ಬಿಡಿಸಿ, ನೀರನ್ನು ಮಾತ್ರ ಬೇಕಾದಷ್ಟು ಕುಡಿಯಗೊಟ್ಟ. ಆಮೇಲೆ ಮಂತ್ರಗಳನ್ನು ಹೇಳೆಂದ. ಮಗನಿಗೆ ಒಂದೂ ಹೊಳೆಯಲಿಲ್ಲ. ಊಟ ಮಾಡಿ ಬಾ ಎಂದು ಕಳುಹಿಸಿದ. ಉಂಡು ಬಂದ ಮಗನಿಗೆ ಕೇಳಿದ್ದೆಲ್ಲವೂ ನೆನಪಾಯಿತು. ಮಿಂಚುಹುಳದಷ್ಟು ಉಳಿದ ಕೆಂಡಕ್ಕೆ ಹುಲ್ಲು ಹಾಕಿ ಮತ್ತೆ ಉರಿಸಿದಂತೆ, ಅನ್ನದಿಂದ ಮನಸ್ಸು ಉರಿದು ಬೆಳಗಿತು. 12 ವರ್ಷದ ವಿದ್ಯೆ ನಿಂತಿದ್ದದ್ದು ಎರಡು ಹೊತ್ತಿನ ಊಟದ ಮೇಲೆ.

ಈ ವಿಚಾರ ಉಪನಿಷತ್ತಿನ ಪುಟಗಳಲ್ಲಿ ಮಾತ್ರ ಉಳಿಯತಕ್ಕದ್ದಲ್ಲ. ಮನೆಯ ಒಳಗೇ ಇದು ಕೆಲವೊಮ್ಮೆ ಕಠಿನವಾದ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ವಯಸ್ಸಾದ ತಾಯಿಗೆ ಮರೆವಿನ ರೋಗ ಕವಿಯುತ್ತದೆ. ಮೊದಲು ಬೀಗದ ಕೈ ಇಟ್ಟ ಜಾಗ ಮರೆಯುತ್ತದೆ, ಆಮೇಲೆ ತಿಂಡಿ ತಿಂದದ್ದು ಮರೆಯುತ್ತದೆ; ಕಡೆಗೆ ಒಂದು ದಿನ, ಹೆತ್ತ ಮಗಳನ್ನೇ ನೋಡಿ 'ನೀನು ಯಾರ ಮನೆಯವಳಮ್ಮ?' ಎಂದು ಕೇಳುತ್ತಾಳೆ. ಮಗಳು ಒಳಗೆ ಹೋಗಿ ಅಳುತ್ತಾಳೆ. 'ಇವರು ನಮ್ಮಮ್ಮನೇ ಅಲ್ಲ' ಎಂಬ ಮಾತು ಆ ದುಃಖದಲ್ಲಿ ಬಾಯಿಂದ ಬಂದುಬಿಡುತ್ತದೆ. ಆ ಮಾತಿನಲ್ಲಿ ಅಡಗಿರುವ ಪ್ರಶ್ನೆ ಭೃಗುವಿನ ಪ್ರಶ್ನೆಯೇ: ಇಲ್ಲಿರುವವರು ಯಾರು? ಅಮ್ಮನೆಂದರೆ ನೆನಪೆ? ನೆನಪು ಹೋದಮೇಲೆ ಉಳಿದದ್ದು ಏನು?

ಉಪನಿಷತ್ತು ವೈದ್ಯಗ್ರಂಥವಲ್ಲ, ಆ ಮರೆವನ್ನು ಅದು ಗುಣಪಡಿಸಲಾರದು, ಮಗಳ ಕಣ್ಣೀರನ್ನು ಒಂದು ಮಾತಿನಿಂದ ಒರಸಲೂ ಆರದು. ಆದರೆ ಅದು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸುತ್ತದೆ. ನೆನಪೂ ಗುರುತಿಸುವ ಬುದ್ಧಿಯೂ ಐದರಲ್ಲಿ ಎರಡು ಪದರಗಳಿಗೆ ಸೇರಿದವು. ಅವೇ ಇಡೀ ಮನುಷ್ಯನಲ್ಲ. ಪ್ರತಿರಾತ್ರಿ ಗಾಢನಿದ್ರೆಯಲ್ಲಿ ಎಲ್ಲರ ಮನಸ್ಸೂ ಬುದ್ಧಿಯೂ ಅಡಗುತ್ತವೆ. ನಿದ್ರಿಸುವ ತಾಯಿಗೆ ಮಗಳ ಹೆಸರು ನೆನಪಿನಲ್ಲಿರುವುದಿಲ್ಲ. ಹಾಗೆಂದು ಅವಳು ತಾಯಿಯಲ್ಲವೆಂದು ಯಾರೂ ಹೇಳರು. ಅವಳಿಗೆ ಎಚ್ಚರವಾದೀತೆಂದು ಮನೆಮಂದಿ ದನಿ ತಗ್ಗಿಸಿ ಮಾತಾಡುತ್ತಾರೆ, ಹೊದಿಕೆ ಸರಿದಿದ್ದರೆ ಹೊದೆಸುತ್ತಾರೆ. ಮರೆವು ಕವಿದ ತಾಯಿಗೆ ಸಲ್ಲಬೇಕಾದದ್ದೂ ಅದೇ ಮರ್ಯಾದೆ. ಹಗಲಿನಲ್ಲಿ ಬಂದ ಮರೆವಾದ್ದರಿಂದ ಅದನ್ನು ಸಹಿಸುವುದು ಕಷ್ಟ ಅಷ್ಟೆ. ಬಿಸಿ ಗಂಜಿಯ ತುತ್ತಿಗೆ ಆಕೆಯ ಮುಖ ಅರಳುವುದುಂಟು. ಹಳೆಯ ದೇವರನಾಮದ ಧಾಟಿ ಕೇಳಿ ಕೈ ತಾಳ ಹಾಕುವುದುಂಟು. ಕೈ ಹಿಡಿದರೆ ಉಸಿರು ನೆಮ್ಮದಿಗೊಳ್ಳುವುದುಂಟು. ಪ್ರಿಯವೇ ತಲೆಯಾದ ಆ ಒಳಗಿನ ಹಕ್ಕಿ ಇನ್ನೂ ಗೂಡಿನಲ್ಲಿದೆ. ಬುದ್ಧಿಯ ಬಾಗಿಲು ಮುಚ್ಚಿದ್ದರೆ ಅನ್ನದ ಬಾಗಿಲಿನಿಂದ, ಉಸಿರಿನ ಬಾಗಿಲಿನಿಂದ ಅದನ್ನು ಮಾತನಾಡಿಸಬಹುದು. ಗುರುತು ಹಿಡಿಯದ ತಾಯಿಗೆ ಕೈತುತ್ತು ಕೊಡುವ ಮಗಳು ಕೇವಲ ದೇಹವೊಂದನ್ನು ಸಾಕುತ್ತಿಲ್ಲ.

ಇದೇ ಮಾತು ಚಿಕ್ಕ ಮಕ್ಕಳಿಗೂ ಅನ್ವಯಿಸುತ್ತದೆ. ಪರೀಕ್ಷೆಯ ಅಂಕಗಳು ಅಳೆಯುವುದು ಬುದ್ಧಿಯ ಒಂದು ಮೂಲೆಯನ್ನು. ಅಂಕ ಕಡಿಮೆಯಾಯಿತೆಂದು ಮಗುವಿನ ಊಟ, ಆಟ, ನಗೆ ಎಲ್ಲವನ್ನೂ ಕಡಿಮೆ ಮಾಡುವ ಮನೆಯಲ್ಲಿ, ಒಂದು ಪದರಕ್ಕಾಗಿ ಉಳಿದ ನಾಲ್ಕನ್ನು ಉಪವಾಸ ಕೆಡವಿದಂತಾಗುತ್ತದೆ. ಶ್ವೇತಕೇತುವಿನ ಗತಿಯನ್ನು ಬಲ್ಲವರಿಗೆ, ಇದರಿಂದ ಆ ಒಂದು ಪದರವೂ ಬೆಳೆಯದೆಂಬುದನ್ನು ಬೇರೆ ಹೇಳಬೇಕಾದ್ದಿಲ್ಲ.

ಐದನೆಯ ಪದರದ ವಿಷಯದಲ್ಲಿ ಆಚಾರ್ಯರಲ್ಲಿ ಮತಭೇದವಿದೆ. ಬ್ರಹ್ಮಸೂತ್ರಗಳ ಮೊದಲನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಆನಂದಮಯಾಧಿಕರಣವೆಂಬ ಭಾಗ ಇದಕ್ಕೇ ಮೀಸಲು. ಆನಂದಮಯನೆಂದರೆ ಸಾಕ್ಷಾತ್ ಪರಬ್ರಹ್ಮನೇ ಎಂಬುದು ರಾಮಾನುಜಾಚಾರ್ಯರ ನಿರ್ಣಯ. ಶಂಕರಾಚಾರ್ಯರ ಪಕ್ಷದಲ್ಲಿ ಆನಂದಮಯವೂ ಒಂದು ಕೋಶವೇ. ಅದಕ್ಕೆ ಆಧಾರವಾಗಿ ಹೇಳಲ್ಪಟ್ಟ ಬ್ರಹ್ಮವೇ ಕಡೆಯ ವಸ್ತು. ಉಡುಪಿಯ ಸಮೀಪದ ಪಾಜಕದಲ್ಲಿ 13ನೆಯ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರ ದೃಷ್ಟಿ ಬೇರೊಂದು ಬಗೆಯದು. ಅವರ ಮತದಲ್ಲಿ ಕೊನೆಯದೊಂದೇ ಅಲ್ಲ, ಐದೂ ಭಗವಂತನ ರೂಪಗಳಿಗೆ ನೆಲೆ: ಅನ್ನಮಯದಲ್ಲಿ ಅನಿರುದ್ಧ, ಪ್ರಾಣಮಯದಲ್ಲಿ ಪ್ರದ್ಯುಮ್ನ, ಮನೋಮಯದಲ್ಲಿ ಸಂಕರ್ಷಣ, ವಿಜ್ಞಾನಮಯದಲ್ಲಿ ವಾಸುದೇವ, ಆನಂದಮಯದಲ್ಲಿ ನಾರಾಯಣ. ಶಾಸ್ತ್ರಾರ್ಥದ ಈ ಭೇದಗಳು ಸಣ್ಣವಲ್ಲ. ಆದರೂ ಅನ್ನದ ಮೆಟ್ಟಿಲನ್ನು ತುಳಿದು ಅವಮಾನಿಸಬಹುದೆಂದು ಈ ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

ಏಕೆಂದರೆ ಭೃಗುವಿನ ಕಥೆ ಆನಂದದಲ್ಲಿ ಮುಗಿಯುವುದಿಲ್ಲ. ಐದನೆಯ ಮೆಟ್ಟಿಲನ್ನು ಏರಿದ ಮೇಲೆ ಉಪನಿಷತ್ತು ಹಿಂದಿರುಗಿ ಬರುವುದು ಅನ್ನಕ್ಕೇ. ಅನ್ನವನ್ನು ಹಳಿಯಬಾರದು, ಅನ್ನವನ್ನು ಬೇಡವೆಂದು ತಳ್ಳಬಾರದು, ಅನ್ನವನ್ನು ಹೇರಳವಾಗಿ ಬೆಳೆಯಬೇಕು, ಕೂಡಿಸಬೇಕು, ತಂಗಲು ಬಂದ ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಬಾರದು. ಇವು ಅಲ್ಲಿ ವಿಧಿಸಿರುವ ವ್ರತಗಳು. ಆನಂದವೇ ಬ್ರಹ್ಮವೆಂದು ತಿಳಿದವನು ಮೊದಲು ಮಾಡಬೇಕಾದ ಕೆಲಸವೆಂದರೆ ಬಂದವರಿಗೆ ಊಟಕ್ಕೆ ಇಡುವುದು. ಅನ್ನವನ್ನು ಏಕೆ ಹಳಿಯಬಾರದು ಎಂಬುದಕ್ಕೆ ಶಂಕರಾಚಾರ್ಯರು ಕೊಟ್ಟ ಕಾರಣ ಮನನೀಯವಾಗಿದೆ. ಅನ್ನವೆಂಬ ಬಾಗಿಲಿನಿಂದಲೇ ಬ್ರಹ್ಮವು ತಿಳಿದುಬಂತು. ಆದಕಾರಣ ಗುರುವಿಗೆ ಸಲ್ಲುವ ಗೌರವ ಅನ್ನಕ್ಕೂ ಸಲ್ಲಬೇಕು. ಸರ್ವಸಂಗವನ್ನೂ ತೊರೆದ ಸಂನ್ಯಾಸಿಗಳು ಒಂದು ತುತ್ತು ಅನ್ನವನ್ನು ಗುರುಸ್ಥಾನದಲ್ಲಿ ಕೂರಿಸಿದ್ದಾರೆ.

ಬೆಳಗ್ಗೆ ಐದು ಗಂಟೆಗೆ ಎದ್ದು ಒಲೆ ಹಚ್ಚುವ ಗೃಹಿಣಿ ಭೃಗುವಿನ ಹೆಸರನ್ನು ಕೇಳಿರದಿರಬಹುದು. ಆದರೆ ಅವಳು ನಿಂತಿರುವುದು ಅವನ ಮೊದಲ ಮೆಟ್ಟಿಲಿನ ಬಳಿಯಲ್ಲಿ. ಅಲ್ಲಿಂದ ಹೊರಟ ಅನ್ನವು ಒಬ್ಬನಿಗೆ ಕಸುವಾಗಿ, ಇನ್ನೊಬ್ಬನಿಗೆ ನೆಮ್ಮದಿಯಾಗಿ, ಮತ್ತೊಬ್ಬನಿಗೆ ಓದಿದ್ದು ತಲೆಗೆ ಹತ್ತುವ ಶಕ್ತಿಯಾಗಿ, ಎಲ್ಲರೂ ಕೂಡಿ ಕುಳಿತಾಗ ಕಾರಣವಿಲ್ಲದ ಸಂತೋಷವಾಗಿ ಮನೆಯನ್ನು ತುಂಬುತ್ತದೆ. ಆ ಊಟವನ್ನು ಉಪ್ಪು ಕಡಿಮೆಯಾಯಿತೆಂದು ಹಳಿಯಹೊರಟವರು ವರುಣನ ಮಗನನ್ನು ಒಮ್ಮೆ ನೆನೆದುಕೊಂಡರೆ ಸಾಕು.